ಡಬ್ಬಿಯೊಳಗಿನ ಚಮಚ

ಗೋಡೆಯ ಮೇಲೆ ಏನೋ ಮಿಂಚಿತು, ಬಿಸಿಲೋ ಕಣ್ಣಿನ ಪೊರೆಯೋ, ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಓಬಳೇಶಪ್ಪ ಕಣ್ಣು ಕಿರಿದು ಮಾಡಿದ — ಡಬ್ಬಿ, ತನ್ನದೇ ಊಟದ ಡಬ್ಬಿ, ತನ್ನ ಮನೆಗೂ ಜಂಬಕ್ಕನ ಮನೆಗೂ ನಡುವಿನ ಮೋಟುಗೋಡೆಯ ಮೇಲೆ ಕೂತಿದೆ, ತೊಳೆದು, ಒರೆಸಿ, ಮುಚ್ಚಳದ ಎರಡೂ ಕೊಂಡಿ ಹಾಕಿ. ಯಾವಾಗ ಇಟ್ಟಳು, ಬಳ್ಳಾರಿಯ ಆಸ್ಪತ್ರೆಯಿಂದ ಯಾವಾಗ ಬಂದಳು, ಆರಕ್ಕೆ ಹಾಲು ತರಲು ಹೋದಾಗ ಇರಲಿಲ್ಲ, ಈಗ ಏಳೂವರೆಗೆ ಇದೆ, ಮೊದಲ ಬಸ್ಸಿಗೆ ಬಂದಿರಬೇಕು, ಅವಳ ಚಪ್ಪಲಿ ಹೊಸ್ತಿಲ ಹೊರಗಿವೆ, ಒಂದು ಬೋರಲು ಬಿದ್ದಿದೆ, ಬಾಗಿಲು ಮುಚ್ಚಿದೆ, ಒಳಗೆ ಸದ್ದಿಲ್ಲ. ಪೇಸ್ಟಿನ ನೊರೆ ಗಲ್ಲಕ್ಕೆ ಇಳಿಯಿತು, ಉಗುಳುವುದೂ ಮರೆತುಹೋಯಿತು. ಡಬ್ಬಿಯಲ್ಲಿ ಏನಾದರೂ ಇದೆಯೋ, ಬರಿದೋ, ಇಷ್ಟೇ ಪ್ರಶ್ನೆ. ಜಂಬಕ್ಕ ಯಾರ ಪಾತ್ರೆಯನ್ನೂ ಬರಿದು ಮರಳಿಸುವವಳಲ್ಲ, ಏನಾದರೂ ಇದ್ದರೆ ಅವಳ ಮಗ ಗಾದಿಲಿಂಗ ಬದುಕಿದ್ದಾನೆ. ಬರಿದಿದ್ದರೆ, ಸಾವಿನ ಮನೆಯಿಂದ ಬುತ್ತಿಯ ಪಾತ್ರೆ ಬರಿದೇ ಬರಬೇಕಂತೆ, ಅದು ಈ ಸಂದಿಯ ಹೆಂಗಸರಿಗೆಲ್ಲ ಗೊತ್ತಿದ್ದ ಮಾತು, ಅವನೊಬ್ಬನಿಗೆ ಐವತ್ತೆಂಟನೇ ವಯಸ್ಸಿನಲ್ಲಿ, ಹೋದ ಮಂಗಳವಾರ ಗೊತ್ತಾಯಿತು. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಸಿಗುತ್ತದೆ. ಅವನು ಇಡಲಿಲ್ಲ, ಬಚ್ಚಲಿಗೆ ಹೋಗಿ ಬಾಯಿ ತೊಳೆದುಕೊಂಡು ಬಂದು ಮತ್ತೆ ಅಲ್ಲೇ ನಿಂತ.

ಫೋನ್ ಮಾಡಬಹುದು, ಯಾರಿಗೆ, ಗಾದಿಲಿಂಗನ ಫೋನು ಅವನ ಅಂಗಿಯ ಜೇಬಿನಲ್ಲೇ ಸುಟ್ಟುಹೋಯಿತಂತೆ, ಜಂಬಕ್ಕನಿಗೆ ಫೋನಿಲ್ಲ, ಬಾಗಿಲು ಬಡಿಯಬಹುದು, ಬಡಿದು ಏನಂತ ಕೇಳುವುದು, ನಿಮ್ಮ ಮಗ ಇದ್ದಾನಾ ಅಂತಲೇ? ಸತ್ತಿದ್ದರೆ ಅಳು ಕೇಳಬೇಕಿತ್ತು ಎಂದು ತನಗೆ ತಾನೇ ಹೇಳಿಕೊಂಡ, ಹೇಳಿಕೊಂಡದ್ದೇ ತಡ, ಶಾಂತಕುಮಾರಿ ಹೋದ ದಿನ ತಾನು ಅತ್ತಿದ್ದೆನಾ ಎಂಬುದು ನೆನಪಾಯಿತು, ಬೆಳಿಗ್ಗೆ ಐದಕ್ಕೆ ಹೋದ ಹೆಂಡತಿಯ ಪಕ್ಕದಲ್ಲಿ ಒಂಬತ್ತರ ತನಕ ಸುಮ್ಮನೆ ಕೂತಿದ್ದ, ಓಣಿಗೆ ಸುದ್ದಿಯೇ ಇಲ್ಲ, ಲೈನ್‌ಮನ್ರೇ, ಕರೆಂಟ್ ಸಪ್ಲೈ ಇಲ್ಲ ಬರ್ರಿ ಅಂತ ಯಾರೋ ಕರೆಯಲು ಬಂದಾಗ, ಬರಾಕಾಗಲ್ಲಪಾ, ಇಕಿ ಹೋಗ್ಯಾಳ ಅಂದ, ಹಾಗಂದವನ ದನಿ ಬೇರೆ ಯಾರದೋ ಅನಿಸಿತ್ತು. ಗೋಡೆಯಾಚೆ ಜಂಬಕ್ಕ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವ ಸದ್ದು ಅರ್ಧಕ್ಕೆ ನಿಂತಿತು, ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅದಾಗಿ ನಾಲ್ಕು ತಿಂಗಳು. ಹೌದು, ಬೇಸಗೆ ಶುರುವಿನಲ್ಲಿ, ಇಲ್ಲ, ಬೇಸಗೆ ಇನ್ನೂ ಶುರುವಾಗಿರಲಿಲ್ಲ, ಕಡಲೆ ಕೀಳುತ್ತಿದ್ದರು.

ಇದೆಲ್ಲ ಆ ಹುಡುಗಿಯಿಂದ ಶುರುವಾಯಿತು, ಕೀರ್ತನಾ, ತರಬೇತಿ ಕೊಡಲು ಬಂದವಳು, ಪಾಪ ಅವಳದೇನು ತಪ್ಪು. ಹಗರಿಬೊಮ್ಮನಹಳ್ಳಿಯ ಒಂದು ಛತ್ರದಲ್ಲಿ ಐದು ತಾಲೂಕಿನ ಲೈನ್‌ಮನ್‌ಗಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮನಸ್ಸಿನ ಆರೋಗ್ಯ ಅಂತ ಮೂರು ತಾಸು, ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್ಕು, ದಿನಾ ಮಲಗುವ ಮುಂಚೆ ಮೂರು ವಿಷಯ ಬರೀರಿ ಸರ್, ಇವತ್ತು ಯಾವುದಕ್ಕೆ ನೀವು ಕೃತಜ್ಞರು ಅಂತ. ಕೃತಜ್ಞ ಅನ್ನುವ ಪದ ಪರೀಕ್ಷೆಯಲ್ಲಿ ಬರೆದದ್ದು ಬಿಟ್ಟರೆ ಓಬಳೇಶಪ್ಪನ ಬಾಯಲ್ಲಿ ಎಂದೂ ಬಂದದ್ದಿಲ್ಲ. ಕೂಡ್ಲಿಗಿ ಕಡೆಯ ಪಾಲಾಕ್ಷ ಅಲ್ಲೇ ಬರೆದು ಮುಗಿಸಿದ, ಒಂದು ಮಿರ್ಚಿ, ಎರಡು ಮಂಡಕ್ಕಿ, ಮೂರು ಚಹಾ, ಬರೆದು ಎಲ್ಲರಿಗೂ ತೋರಿಸಿ ನಕ್ಕ. ಇವನು ಒಂದು, ಇವತ್ತು ಗಾಳಿ ಬೀಸಲಿಲ್ಲ ಎಂದು ಬರೆದ, ಎರಡು, ಕಂಬದಿಂದ ಬೀಳಲಿಲ್ಲ, ಮೂರಕ್ಕೆ ಪೆನ್ನು ನಿಂತಿತು, ನಿಂತೇ ಇತ್ತು. ಕೀರ್ತನಾ ಹತ್ತಿರ ಬಂದು ಬಗ್ಗಿ ನೋಡಿದಳು, ಮೂರನೇದು ಒಬ್ಬ ಮನುಷ್ಯ ಆಗಲಿ ಸರ್, ಬರೆದರೆ ಸಾಲದು, ಹೋಗಿ ಅವರ ಮುಖ ನೋಡಿ ಹೇಳಿ, ಎಷ್ಟು ಹಗುರ ಆಗುತ್ತೆ ನೋಡಿ. ಅವಳ ಕೈಗೆ ಒಂದು ಹಸಿರು ದಾರ ಕಟ್ಟಿತ್ತು. ಯಾರು, ಯಾರು ಎಂದು ಬಸ್ಸಿನುದ್ದಕ್ಕೂ ತಲೆ ಕೆರೆದುಕೊಂಡ, ಹೆಂಡತಿಯ ಹೆಸರು ಬಂತು, ಸತ್ತವರ ಮುಖ ನೋಡಿ ಹೇಳುವುದು ಹೇಗೆ, ಬದುಕಿದ್ದವರೇ ಆಗಬೇಕಲ್ಲ, ಕೊಟ್ಟೂರು ಬರುವಷ್ಟರಲ್ಲಿ ಜಂಬಕ್ಕ ಹೊಳೆದಳು. ಹೊಳೆದದ್ದೇ ಎಷ್ಟು ಖುಷಿಯಾಯಿತೆಂದರೆ, ಕಳೆದುಹೋದ ಬೀಗದ ಕೈ ಸಿಕ್ಕಷ್ಟು.

ಹನ್ನೊಂದು ದಿನ, ಹನ್ನೊಂದು ದಿನವೂ ಅವನ ಮನೆಯ ಒಲೆ ಹತ್ತಲಿಲ್ಲ, ಬೆಳಿಗ್ಗೆ ಸಂಜೆ ಜಂಬಕ್ಕ ಗೋಡೆಯ ಮೇಲಿಂದಲೇ ಬುತ್ತಿ ಇಡುತ್ತಿದ್ದಳು, ಜೋಳದ ರೊಟ್ಟಿ, ಪುಂಡಿಪಲ್ಯ, ನವಣಕ್ಕಿ ಅನ್ನ, ಉಣ್ಣಿರಿ ಅನ್ನುತ್ತಿರಲಿಲ್ಲ, ಇಟ್ಟು ಗೋಡೆಯನ್ನು ಎರಡು ಸಲ ತಟ್ಟಿ ಹೋಗುತ್ತಿದ್ದಳು ಅಷ್ಟೇ. ಕೊನೆಯ ದಿನದ ಬುತ್ತಿಯ ಬೋಗಾಣಿ ಇವನ ಮನೆಯಲ್ಲೇ ಉಳಿದುಬಿಟ್ಟಿತ್ತು, ಗ್ಯಾಸ್ ಒಲೆಯ ಹಿಂದೆ, ಮಸಿ ಹಿಡಿದು. ತರಬೇತಿಯಿಂದ ಬಂದ ಮರುದಿನ ಭಾನುವಾರ ಅದನ್ನು ಹುಡುಕಿ ತೆಗೆದ, ಬೂದಿ ಹಾಕಿ ತಿಕ್ಕಿದ, ತಿಕ್ಕಿದ ಮೇಲೆ ಅದರ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಕಂಡವು, ಗಾದಿಲಿಂಗನ ತೊಟ್ಟಿಲಿಗೆ, ಅವನ ಸೋದರಮಾವ ಕೊಟ್ಟದ್ದು, ಅಂದರೆ ಇಪ್ಪತ್ತಾರು ವರ್ಷದ ಬೋಗಾಣಿ. ಬರಿದು ಕೊಡಬಾರದು. ಇದು ಅವನಿಗೆ ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು, ಶಾಂತಕುಮಾರಿ ಒಂದು ಲೋಟವನ್ನೂ ಬರಿದು ಮರಳಿಸಿದವಳಲ್ಲ, ಏನೂ ಇಲ್ಲದ ದಿನ ಅಡಿಕೆಯಷ್ಟು ಬೆಲ್ಲವನ್ನಾದರೂ ತಳದಲ್ಲಿಟ್ಟು ಕೊಡುತ್ತಿದ್ದಳು, ಇಷ್ಟು ಬೆಲ್ಲಕ್ಕೆ ಯಾರ ಹೊಟ್ಟಿ ತುಂಬತೈತಿ ಎಂದು ಇವನು ಕಾಡಿಸಿದರೆ, ಹೊಟ್ಟಿ ತುಂಬಸಾಕಲ್ರಿ, ಪಾತ್ರಿಗೆ ಬ್ಯಾಸರ ಆಗಬಾರ್ದು ಅಂತ, ಅನ್ನುತ್ತಿದ್ದಳು. ಪಾತ್ರೆಗೆ ಬೇಸರವಂತೆ. ಆ ಮಾತು ನೆನಪಾಗಿ, ಅಡಿಕೆಯಷ್ಟೇಕೆ, ಕೈ ಬಿಚ್ಚಿಯೇ ಕೊಡೋಣ ಎಂದು ಅಂಗಡಿಗೆ ಹೋಗಿ ಎರಡು ಕೆಜಿ ಸಕ್ಕರೆ ತಂದು ಬೋಗಾಣಿಯ ಕಂಠದವರೆಗೆ ಸುರಿದ, ತಾಟು ಮುಚ್ಚಿದ, ಒಗೆದ ಅಂಗಿ ಹಾಕಿಕೊಂಡ, ಗೋಡೆ ಬಿಟ್ಟು ರಸ್ತೆಯಿಂದಲೇ ಸುತ್ತಿ ಅವಳ ಬಾಗಿಲಿಗೆ ಹೋದ, ನೆಂಟರ ಮನೆಗೆ ಹೋಗುವ ಹಾಗೆ.

ಜಂಬಕ್ಕ, ಶಾಂತಾ ಹೋದಾಗ ನೀವು ಹನ್ನೊಂದು ದಿನ ಉಣ್ಣಾಕ ಕೊಟ್ರಿ, ಅದಕ್ಕ ಥ್ಯಾಂಕ್ಸ್, ಎಂದು ಅವಳ ಮುಖ ನೋಡಿ ಹೇಳಿದ, ಹುಡುಗಿ ಕಲಿಸಿದ ಹಾಗೇ, ಕಣ್ಣಲ್ಲಿ ಕಣ್ಣಿಟ್ಟು. ಅವಳು ನಗುತ್ತಲೇ ಕೈ ಚಾಚಿದ್ದಳು, ತಾಟು ಸರಿಸಿದಳು, ಸಕ್ಕರೆ ನೋಡಿದಳು, ಅಂಚಿನ ಅಕ್ಷರ ನೋಡಿದಳು, ಮುಖ ಕಪ್ಪಿಟ್ಟಿತು. ಬಿಸಿ ಮುಟ್ಟಿದವಳಂತೆ ಎರಡು ಹೆಜ್ಜೆ ಹಿಂದೆ ಹೋದಳು. ಒಳಗೆ ಒಯ್ಯಲಿಲ್ಲ. ಗೋಡೆ ಮ್ಯಾಲೆ ಇಟ್ಟು ಹೋಗ್ರಣ್ಣ ಅಂದಳು, ಬಾಗಿಲು ಹಾಕಿಕೊಂಡಳು, ಹಗುರ ಆಗುತ್ತೆ ನೋಡಿ ಸರ್, ಯಾವುದು ಹಗುರ, ಎಲ್ಲಿ ಹಗುರ, ಅವನು ಎರಡು ಕೆಜಿ ಸಕ್ಕರೆ ಹೊತ್ತುಕೊಂಡು ಅಂಗಳದಲ್ಲಿ ನಿಂತಿದ್ದ. ಥ್ಯಾಂಕ್ಸ್ ಅಂದದ್ದು ತಪ್ಪಾಯಿತೇ, ಓಣಿಯಲ್ಲಿ ಯಾರೂ ಯಾರಿಗೂ ಅನ್ನುವುದಿಲ್ಲ ನಿಜ, ಅಂದರೆ ದೂರದವರನ್ನಾಗಿ ಮಾಡಿದಂತಾಗುತ್ತದೆ ಅಂದುಕೊಂಡಳೇ, ಕಡಿಮೆ ಆಯಿತೇ, ಹೆಚ್ಚಾಯಿತೇ, ಇಟ್ಟುಬಂದ. ಬೋಗಾಣಿ ಗೋಡೆಯ ಮೇಲೆ ಮೂರು ದಿನ ಕೂತಿತು. ಇರುವೆಗಳು ಮೊದಲು ಅವಳ ಕಡೆಯಿಂದ ಹತ್ತಿದವು, ಆಮೇಲೆ ಇವನ ಕಡೆಯಿಂದಲೂ.

ಮಂಗಳವಾರ ಮಗಳಿಗೆ ಫೋನಿನಲ್ಲಿ ಹೇಳಿದ, ಹರಪನಹಳ್ಳಿಗೆ ಕೊಟ್ಟಿದ್ದ ಮಾಲಾ, ಹೀಗೀಗಾಯಿತು, ಜಂಬಕ್ಕ ಯಾಕೋ ಸಿಟ್ಟಾಗ್ಯಾಳ ಎಂದು. ಅವಳು ನಿಧಾನಕ್ಕೆ, ಸಣ್ಣ ಮಗುವಿಗೆ ಹೇಳುವಂತೆ ಹೇಳಿದಳು, ಅಪ್ಪಾ, ಬ್ಯಾರೆ ಯಾವ ಪಾತ್ರಿನಾದ್ರೂ ತುಂಬಿ ಕೊಡಬೇಕು, ಸತ್ತಾಗ ಬಂದ ಬುತ್ತಿ ಪಾತ್ರಿ ಮಾತ್ರ ಬರಿದ ಕೊಡಬೇಕಪ್ಪ, ತುಂಬಿ ಕೊಟ್ರ ನಮ್ಮನಿ ಸಾವು ನಿಮ್ಮನಿಗೂ ಬರ್ಲಿ ಅಂದಂಗ, ಅವ್ವ ಇದ್ದಿದ್ರ ಹೇಳ್ತಿದ್ಲು. ಅವ್ವ ಇದ್ದಿದ್ದರೆ ಆ ಬುತ್ತಿಯೇ ಬರುತ್ತಿರಲಿಲ್ಲವಲ್ಲ ಎಂದು ಅವನಿಗೆ ಅನಿಸಿತು. ಅರ್ಧ ಮಾತ್ರ ಕಲಿತಿದ್ದ, ನೋಡಿ ಕಲಿತದ್ದು, ಇನ್ನರ್ಧ ನೋಡುವ ಪ್ರಸಂಗ ಬಂದಿರಲಿಲ್ಲ. ಮೂಢನಂಬಿಕೆ ಎಂದು ಜೋರಾಗಿ ಹೇಳಿದ, ಹೌದಪ್ಪ, ಮೂಢನಂಬಿಕೆನ, ಆದ್ರ ಅಕಿಗೆ ಒಬ್ಬನೇ ಒಬ್ಬ ಮಗ ಅದಾನ, ಅಂದಳು ಮಾಲಾ. ನಾಳೆ ಹೋಗಿ ತಿಳಿಸಿ ಹೇಳ್ತೀನಿ, ಗೊತ್ತಿರಲಿಲ್ಲ ಅಂತೀನಿ ಎಂದ. ನಾಳೆ ಎಂದರೆ ಬುಧವಾರ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಚಿಗಟೇರಿ ಕಡೆ ಗಾದಿಲಿಂಗ ಕುರಿಗೆ ಸೊಪ್ಪು ಕಡಿಯುತ್ತಿದ್ದ, ಉದ್ದನೆ ಬಿದಿರು, ತುದಿಗೆ ಕುಡುಗೋಲು ಕಟ್ಟಿದ ದೋಟಿ, ರಾತ್ರಿಯ ಮಳೆಗೆ ಒದ್ದೆಯಾದ ಬಿದಿರು, ಮರದ ನೆತ್ತಿಯ ಮೇಲೆ ಹನ್ನೊಂದು ಕೆವಿ ಕರೆಂಟಿನ ಲೈನು, ದೋಟಿ ತಾಗಿತು. ಮೂವತ್ತೊಂದು ವರ್ಷದಿಂದ ಅದೇ ಲೈನಿನ ಜೊತೆ ಬದುಕಿದವನು ಓಬಳೇಶಪ್ಪ, ಕರೆಂಟು ಎಲ್ಲಿಂದ ಹೊಕ್ಕು ಎಲ್ಲಿಂದ ಹೊರಬೀಳುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ, ಕೈಯಿಂದ ಹೊಕ್ಕಿದೆ, ಹಿಮ್ಮಡಿಯಿಂದ ಹೊರಟಿದೆ, ನಡುವೆ ಎದೆ. ಇಷ್ಟು ಗೊತ್ತಿದ್ದವನು, ಒದ್ದೆ ಬಿದಿರಿನ ಕಾರಣ ಗೊತ್ತಿದ್ದವನು, ಸುದ್ದಿ ಕೇಳಿದ ಕೂಡಲೇ ಮೊದಲು ನೆನೆದದ್ದು ಸಕ್ಕರೆಯನ್ನು. ಸಾವನ್ನು ನಾನು ಕಳಿಸಿದೆನಾ. ಛೇ, ಬಿದಿರು ಒದ್ದೆಯಿತ್ತು. ಭಾನುವಾರ ತಾನು ಕೊಟ್ಟದ್ದು, ಬುಧವಾರ ಆದದ್ದು. ಬಿದಿರು ಒದ್ದೆಯಿತ್ತು, ಎಷ್ಟು ಸಲ ಹೇಳಿಕೊಂಡರೂ ಮಾತು ಮುಗಿದ ಕೂಡಲೇ ಇರುವೆಯ ಸಾಲು ಕಣ್ಣಿಗೆ ಬರುತ್ತದೆ, ಆ ಅಕ್ಷರಗಳ ಮೇಲೆ ಹರಿಯುತ್ತಿದ್ದ ಸಾಲು. ಜಂಬಕ್ಕ ಉಟ್ಟ ಸೀರೆಯಲ್ಲೇ ಬಳ್ಳಾರಿಗೆ ಹೋದಳು. ಮೂರು ದಿನ ದಾಟಬೇಕು ಅಂದಾರ ಎಂದು ಕುರಿಗಳನ್ನು ಹೊಡೆದುಕೊಂಡು ಬಂದ ಮಂಜಣ್ಣ ಹೇಳಿದ. ಓಬಳೇಶಪ್ಪ ಸಕ್ಕರೆಯನ್ನು ಬೇವಿನ ಬುಡಕ್ಕೆ ಸುರಿದ, ಬೋಗಾಣಿ ತೊಳೆದ, ಬರಿದು ಮಾಡಿ ಗೋಡೆಯ ಮೇಲಿಟ್ಟ, ನಾಲ್ಕು ತಿಂಗಳ ಹಿಂದೆ ಇಡಬೇಕಾದ್ದನ್ನು.

ಶುಕ್ರವಾರ ಮಧ್ಯಾಹ್ನ ಅವಳು ಬಟ್ಟೆಬರೆ ಒಯ್ಯಲು ಬಂದಿದ್ದಳು, ಒಂದೇ ತಾಸು. ಅವಳ ಮನೆಯ ಒಲೆ ತಣ್ಣಗಿತ್ತು, ಅದನ್ನು ಗೋಡೆಯಾಚೆಯಿಂದಲೇ ತಿಳಿಯಬಹುದಿತ್ತು, ಹೊಗೆಯಿಲ್ಲ, ವಾಸನೆಯಿಲ್ಲ. ಇವನು ಅನ್ನ ಮಾಡಿದ, ಸಾರು ಮಾಡಿದ, ಸಾರು ಎಂದರೆ ಬೇಳೆಯ ನೀರು, ಶಾಂತಕುಮಾರಿ ನೋಡಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು, ತನ್ನ ಡಬ್ಬಿಗೆ ತುಂಬಿದ, ಎರಡು ಖಾನೆಯ ಸ್ಟೀಲ್ ಡಬ್ಬಿ, ಮೇಲಿನ ಖಾನೆಯಲ್ಲಿ ಚಮಚ ಇಟ್ಟ, ರೂಢಿ, ಹೆಂಡತಿಯೂ ಅಲ್ಲೇ ಇಡುತ್ತಿದ್ದಳು. ಸಂಜೆ ಕೆಲಸ ಮುಗಿಸಿ ಮೊಪೆಡ್ಡಿನ ಹ್ಯಾಂಡಲಿಗೆ ಡಬ್ಬಿ ತೂಗುಹಾಕಿಕೊಂಡು ಬರುವಾಗ ಸಂದಿಯ ಕಲ್ಲಿಗೆ ಅದೇ ಚಮಚ ಒಳಗೆ ಗಡಗಡ ಅನ್ನುತ್ತಿತ್ತು, ಆ ಸದ್ದು ಕೇಳಿಯೇ ಅವಳು ಚಹಾಕ್ಕೆ ನೀರಿಡುತ್ತಿದ್ದಳು, ಇವನು ಕಾಲು ತೊಳೆಯುವಷ್ಟರಲ್ಲಿ ಲೋಟ ತಯಾರು, ಓಣಿಯ ಮಕ್ಕಳೆಲ್ಲ ಇವನಿಗೆ ಗಡಗಡ ಮಾಮ ಎಂದೇ ಹೆಸರಿಟ್ಟಿದ್ದವು. ಡಬ್ಬಿಯನ್ನು ಗೋಡೆಯ ಮೇಲಿಟ್ಟು, ಎರಡು ಸಲ ತಟ್ಟಿದ. ಜಂಬಕ್ಕ ಬಂದಳು. ಬರಿದಾದ ಬೋಗಾಣಿಯನ್ನು ನೋಡಿದಳು, ಎತ್ತಿ ಸೆರಗಿನಲ್ಲಿ ಒರೆಸಿ ಒಳಗಿಟ್ಟು ಬಂದಳು, ಡಬ್ಬಿ ತೆಗೆದುಕೊಂಡಳು, ಬಸ್ಸಿಗೆ ನಡೆದಳು. ಅವನು ಗೊತ್ತಿರಲಿಲ್ಲ ಎಂದು ಹೇಳಬೇಕೆಂದಿದ್ದ, ಅಷ್ಟರಲ್ಲಿ ಅವಳು ಸಂದಿ ದಾಟಿದ್ದಳು.

ಇವತ್ತು ಭಾನುವಾರ, ಮೂರು ದಿನ ನಿನ್ನೆಗೆ ಮುಗಿದಿದೆ. ದಾಟಿದನೋ, ದಾಟಲಿಲ್ಲವೋ. ಒಂದು ಹೆಜ್ಜೆ ಇಟ್ಟ. ಸಿಟ್ಟಿಗೂ ಬರಿದು ಕೊಡಬಹುದು, ಬರಿದು ಇದ್ದರೂ ಅವನು ಬದುಕಿರಬಹುದು, ಹಾಗಾದರೆ ಡಬ್ಬಿ ನೋಡಿ ಏನು ತಿಳಿಯುತ್ತದೆ, ನೋಡುವುದೇ ಬೇಡ, ನೋಡದೆ ಡ್ಯೂಟಿಗೆ ಹೋಗಿಬಿಡಲೇ, ಭಾನುವಾರ ಎಂಥ ಡ್ಯೂಟಿ. ಇನ್ನೊಂದು ಹೆಜ್ಜೆ. ಎತ್ತಿದರೆ ಸಾಕು, ತೆರೆಯುವುದೂ ಬೇಕಿಲ್ಲ, ಬರಿದಿದ್ದರೆ ಚಮಚ ಗಡಗಡ ಅನ್ನುತ್ತದೆ, ಆ ಸದ್ದು ಅವನಿಗೆ ಗೊತ್ತು, ಇಡೀ ಓಣಿಗೇ ಗೊತ್ತು. ಒಳಮನೆಯ ಕಪಾಟಿನಲ್ಲಿ ನೋಟ್‌ಬುಕ್ಕಿದೆ, ಅದರ ಈ ವಾರದ ಎಲ್ಲ ಹಾಳೆಯಲ್ಲೂ ಒಂದು ಎರಡು ಬರೆದಿದೆ, ಮೂರು ಬರಿದು, ಮೂರನೆಯದರಲ್ಲಿ ಇವತ್ತು ಗಾದಿಲಿಂಗ ಅಂತ ಬರೆಯುವಂತಾಗಲಿ ದೇವರೇ, ಯಾವ ದೇವರು, ಉಚ್ಚಂಗೆಮ್ಮ, ಕೊಟ್ರೇಶ, ಯಾರಾದರೂ ಸರಿ, ಕಂಬ ಹತ್ತುವಾಗ ಬೇಡಿಕೊಂಡಂತೆ ಬೇಡಿಕೊಂಡ, ಬೇಡಿಕೊಂಡು ಇಳಿದ ಮೇಲೆ ಎಂದೂ ಏನೂ ಹೇಳಿದವನಲ್ಲ, ಇಳಿದು ಬೀಡಿ ಹಚ್ಚಿದವನು. ಗೋಡೆ ಬಂತು. ಕೈ ತಾನಾಗಿ ತಿರುಗಿ ಹಿಂಗೈ ಮುಂದಾಯಿತು, ಲೈನ್‌ಮನ್ನಿನ ಕೈ ಅದು, ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳನ್ನು ಮಡಿಚಿ ಹಿಡಿದುಕೊಳ್ಳುತ್ತದೆ, ಹಿಂಗೈಯಿಂದ ಮುಟ್ಟಿದರೆ ಕಿತ್ತು ಬಿಡುತ್ತದೆ, ಹೊಸಬರಿಗೆ ಇವನೇ ಹೇಳಿಕೊಡುತ್ತಿದ್ದ. ಹಿಂಗೈ ಡಬ್ಬಿಗೆ ತಾಗಿತು. ಬೆಚ್ಚಗಿತ್ತು.

ಬಿಸಿಲಿಗೆ ಬೆಚ್ಚಗಾಗಿದೆಯೋ, ಆದರೆ ಬಿಸಿಲು ಬಿದ್ದದ್ದು ಮುಚ್ಚಳದ ಮೇಲೆ, ಬೆಚ್ಚಗಿರುವುದು ಪಕ್ಕೆ. ಎರಡೂ ಕೈಯಿಂದ ಎತ್ತಿದ. ಸದ್ದಿಲ್ಲ. ಮೆಲ್ಲಗೆ ಅಲುಗಿಸಿದ, ಸದ್ದಿಲ್ಲ, ಚಮಚವನ್ನು ಆಸ್ಪತ್ರೆಯಲ್ಲೇ ಮರೆತು ಬಂದಳೋ ಏನೋ, ಭಾರವಿದೆಯೋ ತನ್ನ ಕೈಯೇ ಸೋತಿದೆಯೋ ತಿಳಿಯದು, ಒಂದು ಕೊಂಡಿ ತೆಗೆದ, ಇನ್ನೊಂದು ಬಿಗಿಯಾಗಿತ್ತು, ಉಗುರು ಹಾಕಿ ಎಬ್ಬಿಸಿದ. ಹುರಿದ ಶೇಂಗಾ. ಕಂಠದವರೆಗೆ, ಈಗಷ್ಟೇ ಹುರಿದದ್ದು, ಬೆಚ್ಚಗಿನ ವಾಸನೆ ಮೂಗಿಗೆ ಹೊಡೆಯಿತು, ಮೇಲೆ ಒಂದು ಬೆಲ್ಲದ ತುಂಡು, ಚಮಚ ಶೇಂಗಾದೊಳಗೆ ಹೂತು ಹಿಡಿ ಮಾತ್ರ ಕಾಣುತ್ತದೆ. ಒಲೆ ಹಚ್ಚಿದ್ದಾಳೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಒಲೆ ಹಚ್ಚಿದ್ದಾಳೆ, ಒಲೆ — ಓಬಳೇಶಪ್ಪ ಗೋಡೆಗೆ ಎದೆ ಕೊಟ್ಟು ನಿಂತ, ನಾಲ್ಕು ತಿಂಗಳಿಂದ ಬಾರದ ಅಳು ಈಗ ಶೇಂಗಾ ನೋಡಿ ಬಂತು, ಎಂಥ ಹೊತ್ತಲ್ಲಿ ಬರಬೇಕೋ ಅದಕ್ಕೇ ತಿಳಿಯದು.

ಬಾಗಿಲು ತೆರೆದು ಜಂಬಕ್ಕ ಹೊರಗೆ ಬಂದಳು, ಮಿಂದ ತಲೆ, ಕಣ್ಣು ಗುಳಿಬಿದ್ದಿವೆ. ಇವನ ಕಣ್ಣೊದ್ದೆ ನೋಡಿಯೂ ನೋಡದವಳಂತೆ ಬೋರಲು ಬಿದ್ದ ಚಪ್ಪಲಿಯನ್ನು ಕಾಲಿನಿಂದ ನೆಟ್ಟಗೆ ಮಾಡಿದಳು. ನಿನ್ನೆ ಕಣ್ಣು ಬಿಟ್ಟಾನಣ್ಣ, ನೀರು ಕೇಳ್ಯಾನ, ಎರಡು ಬೆರಳು ತಗೀತಾರಂತ, ತಗೀಲಿ, ಜೀವ ಉಳಿದೈತಿ. ಆಮೇಲೆ, ನಿಮ್ಮ ಸಾರಿಗೆ ಉಪ್ಪ ಇದ್ದಿಲ್ಲ, ಆದ್ರೂ ಅವತ್ತು ಹೊಟ್ಟಿಗೆ ಬಿದ್ದಿದ್ದು ಅದ ಒಂದು. ಜಂಬಕ್ಕ, ನನಗ ಗೊತ್ತಿದ್ದಿಲ್ಲ, ಆ ಸಕ್ಕರಿ, ಎಂದು ಶುರುಮಾಡಿದವನನ್ನು ಕೈಯೆತ್ತಿ ತಡೆದಳು, ಬಿಡ್ರಿ, ಶಾಂತಕ್ಕ ಇಲ್ಲದ ಮನಿ, ನಿಮಗ್ಯಾರು ಹೇಳ್ಬೇಕು. ಥ್ಯಾಂಕ್ಸ್ ಎಂಬ ಮಾತು ನಾಲಗೆಯ ತುದಿಗೆ ಬಂತು, ಅವನು ಅದನ್ನು ನುಂಗಿಕೊಂಡು ಹೂಂ ಎಂದ. ಅವಳು ಒಳಗೆ ತಿರುಗುತ್ತಾ ಅಂದಳು, ಡಬ್ಬಿ ಬರಿದು ಹೆಂಗ ಕೊಡ್ಲಿ ಅಂತ ನಾಕು ಶೇಂಗಾ ಹಾಕೀನಿ.

ಡಬ್ಬಿ ಬರಿದು ಹೆಂಗ ಕೊಡ್ಲಿ, ಹೌದು, ಹೆಂಗ ಕೊಡುವುದು, ಯಾರ ಡಬ್ಬಿಯನ್ನಾದರೂ, ಲೋಟವನ್ನಾದರೂ, ಒಂದು ತುಂಡು ಬೆಲ್ಲ, ಪಾತ್ರೆಗೆ ಬೇಸರ ಆಗಬಾರದು, ಅವನ ಕೈಯಲ್ಲಿ ಡಬ್ಬಿ ತೆರೆದೇ ಇತ್ತು, ಒಂದು ಶೇಂಗಾ ಬಾಯಿಗೆ ಹಾಕಿಕೊಳ್ಳಲು ಹೋದವನ ಕೈ ಅರ್ಧದಲ್ಲಿ ನಿಂತಿತು — ಈ ಡಬ್ಬಿ. ಮೂವತ್ತೊಂದು ವರ್ಷ ಶಾಂತಕುಮಾರಿ ಬೆಳಿಗ್ಗೆ ಬೆಳಿಗ್ಗೆ ತುಂಬಿ ಕೊಟ್ಟದ್ದು, ರೊಟ್ಟಿ ಮುದ್ದೆಯಾಗಬಾರದೆಂದು ಬಟ್ಟೆ ಸುತ್ತಿ, ಮೊಸರು ಚೆಲ್ಲಬಾರದೆಂದು ಬೇರೆ ಬಟ್ಟಲಿನಲ್ಲಿ, ಜ್ವರ ಬಂದ ದಿನವೂ, ಮಾಲಾ ಹುಟ್ಟುವ ಹಿಂದಿನ ದಿನವೂ. ಸಂಜೆ ಅವನು ಅದರಲ್ಲಿ ಏನನ್ನಾದರೂ ತಂದು ಕೊಟ್ಟದ್ದು, ಎಂದಾದರೂ, ಯಾವತ್ತಾದರೂ, ಒಂದು ದಿನ, ಅವನು ಹುಡುಕಿದ, ಹೊಳಲಿನ ಕಡೆ ಕೆಲಸಕ್ಕೆ ಹೋದಾಗ ಪೇರಲಹಣ್ಣು ತಂದಿದ್ದೆನಾ, ಇಲ್ಲ, ಅದನ್ನು ಪಾಲಾಕ್ಷ ತಿಂದ, ಕೂಡ್ಲಿಗಿ ರಸ್ತೆಯಲ್ಲಿ ಸೀತಾಫಲ ಮಾರುತ್ತಿದ್ದರು, ತಗೊಳ್ಳಲಿಲ್ಲ, ಹಿಡಿ ಮಂಡಕ್ಕಿ, ಒಂದು ಬಾಳೆಹಣ್ಣು, ಅಡಿಕೆಯಷ್ಟು ಬೆಲ್ಲ, ಹುಡುಕಿದ, ಹುಡುಕಿದ, ಸಿಗಲಿಲ್ಲ. ಸಂಜೆ, ಸಂದಿಯ ತಿರುವು, ಮೊಪೆಡ್ಡಿನ ಹ್ಯಾಂಡಲಿಗೆ ತೂಗುವ ಡಬ್ಬಿ, ಕಲ್ಲಿನ ಮೇಲೆ ಗಾಲಿ, ಗಡಗಡ, ಮನೆಯೊಳಗೆ ಅವಳು ತಲೆಯೆತ್ತಿ ಆ ಸದ್ದು ಕೇಳಿಸಿಕೊಂಡು ಚಹಾಕ್ಕೆ ನೀರಿಡುತ್ತಾಳೆ, ಗಡಗಡ, ಬರಿದು ಡಬ್ಬಿ, ಅದರೊಳಗೆ ಒಂದು ಚಮಚ, ಗಡಗಡ, ಒಂದು ಚಮಚ.